ನೀರಿಗೆ ಹೋಗದ ಇಂಕು

ಮಧುಗಿರಿ
8 ಮೇ 2024

ಭೀಮರಾಜು ಮೇಷ್ಟ್ರಿಗೆ ಓಬಳರಾಜು ಮಾಡುವ ನಮಸ್ಕಾರ.

ಗುರುತು ಸಿಕ್ಕಿತೋ ಇಲ್ಲವೋ. ಎರಡು ವರ್ಷದ ಕೆಳಗೆ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಿಮ್ಮ ಪಕ್ಕದ ಮಂಚದಲ್ಲಿದ್ದವನು. ಮಧುಗಿರಿ-ಪಾವಗಡ ರೂಟಿನ ಕಂಡಕ್ಟರ್. ಆಪರೇಷನ್ನಿನ ಹಿಂದಿನ ದಿನ ನೀವು, ನಾಳೆಯಿಂದ ಇಬ್ಬರಿಗೂ ಗಂಟಲಿರಲ್ಲ, ಏನಾದರೂ ಮಾತಾಡಿ ಕಂಡಕ್ಟರೇ ಅಂದಿರಿ. ನಾನು ಮಿಡಿಗೇಶಿ ಅಂತ ಶುರು ಮಾಡಿ ಪಾವಗಡದವರೆಗೆ ಒಂದೊಂದೇ ಸ್ಟಾಪು ಕೂಗಿದೆ. ನರ್ಸಮ್ಮ ಓಡಿಬಂದು ಬೈದರು. ಆ ಮನುಷ್ಯ ನಾನೇ.

ಫೋನ್ ಮಾಡೋಣ ಅಂದರೆ ದನಿ ಇಲ್ಲದ ಇಬ್ಬರು ಫೋನಿನಲ್ಲಿ ಏನು ಮಾತಾಡೋದು. ನನ್ನದು ಬಟನ್ ಫೋನು, ಅದರಲ್ಲಿ ಕನ್ನಡ ಒತ್ತೋಕೆ ಬರಲ್ಲ. ಅದಕ್ಕೇ ಕಾಗದ.

ಹೋದ ತಿಂಗಳು ಕೊರಟಗೆರೆಯಲ್ಲಿ ನೆಂಟರ ಮನೆ ಮದುವೆ ಮುಗಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಈ ಸಲದ ಬಿಸಿಲು ನಿಮಗೇ ಗೊತ್ತಲ್ಲ. ನಿಂತಂಗೇ ಕಣ್ಣು ಕತ್ತಲೆ ಬಂದು ಬಿದ್ದೆ. ನಮ್ಮ ಜನ ಒಳ್ಳೆಯವರು ಮೇಷ್ಟ್ರೇ, ಯಾರೂ ದಾಟಿಕೊಂಡು ಹೋಗಲಿಲ್ಲ. ಮುಖಕ್ಕೆ ನೀರು ಚಿಮುಕಿಸಿದರು. ಎಚ್ಚರ ಆಗಲಿಲ್ಲ ಅಂತ ಬಾಟ್ಲಿಯನ್ನೇ ಸುರಿದರು. ಗಾಳಿ ಆಡಲಿ ಅಂತ ಕುತ್ತಿಗೆಯ ಬಟ್ಟೆ ಬಿಚ್ಚಿದರು. ಆ ನೀರೆಲ್ಲ ನಾವು ಉಸಿರಾಡೋ ತೂತಿನೊಳಕ್ಕೆ ಇಳೀತು. ಕೆರೆ ಇಲ್ಲ, ಬಾವಿ ಇಲ್ಲ, ಒಣಗಿದ ಸಿಮೆಂಟಿನ ಮೇಲೆ ಮಲಗಿಕೊಂಡು ಮುಳುಗಿಹೋಗೋದು ಅಂದರೆ ಏನು ಅಂತ ನೋಡಿಬುಟ್ಟೆ. ನಾನು ಬೇಡ ಬೇಡ ಅಂತ ಕೈ ಆಡಿಸಿದರೆ, ನೀರು ಕೇಳ್ತಾವ್ನೆ ಅಂತ ಇನ್ನೊಬ್ಬರು ಬಾಟ್ಲಿ ತಂದರು.

ಹೋಂಗಾರ್ಡೊಬ್ಬರು ಜೇಬಿಗೆ ಕೈಹಾಕಿ ಚೀಟಿ ತೆಗೆದರಂತೆ. ಡಿಸ್ಚಾರ್ಜಿನ ದಿನ ನೀವು ನನಗೊಂದು ಇಂಕ್ ಪೆನ್ನು ಕೊಟ್ಟು ಬರೆಸಿದ್ದಿರಲ್ಲ, ಅದು ಹರಿದ ಮೇಲೆ ನನ್ನ ಇಂಕಲ್ಲಿ ನಾನೇ ನೋಡಿ ಬರೆದುಕೊಂಡ ಚೀಟಿ. "ನಾನು ಉಸಿರಾಡುವುದು ಕುತ್ತಿಗೆಯಿಂದ. ಅಲ್ಲಿಗೆ ನೀರು ತಾಗಿಸಬೇಡಿ." ಬೆವರಿಗೆ ಅದೆಲ್ಲ ಕಲಸಿಹೋಗಿ ನೀಲಿ ಕಲೆಯಾಗಿತ್ತು. ಒಂದಕ್ಷರ ಓದೋಕಾಗಲಿಲ್ಲ. ಕೊನೆಗೆ ಯಾರೋ ಮಗ್ಗುಲಿಗೆ ಹೊರಳಿಸಿದರು, ಕೆಮ್ಮು ಬಂದು ನೀರು ಆಚೆ ಬಂತು. ಬದುಕಿದೆ.

ಮಗಳು ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಹೊದಿಸಿ ಕೊರಳಿಗೆ ನೇತುಹಾಕಿಕೋ ಅಂತಾಳೆ. ನಾಯಿಗೆ ಬಿಲ್ಲೆ ಕಟ್ಟಿದಂಗಾಗುತ್ತೆ. ಅದಿರಲಿ, ಚೀಟಿ ಒಂದೇ ಅಲ್ಲವಲ್ಲ, ನನ್ನ ಮಾತೆಲ್ಲ ಈ ಪೆನ್ನಿನಲ್ಲೇ ಆಗಬೇಕು. ಬಾಲ್ ಪೆನ್ನು ಒತ್ತಿ ಬರೆದರೆ ಆಪರೇಷನ್ ಆದ ಕಡೆ ಹೆಗಲು ಕಿತ್ತು ಬರುತ್ತೆ. ನೀವು ಕೊಟ್ಟದ್ದು ಒತ್ತದೇ ಓಡುತ್ತೆ. ಆದರೆ ನಾನು ಹಾಕೋ ಇಂಕು ಬೆವರಿಗೂ ಹೋಗುತ್ತೆ, ಕೆಮ್ಮಿದರೂ ಹೋಗುತ್ತೆ. ವಾರ್ಡಿನಲ್ಲಿ ನಿಮ್ಮ ಹಾಳೆ ಮೇಲೆ ಒಂದು ದಿನ ಸಾರು ಚೆಲ್ಲಿ, ಒರೆಸಿದರೆ ಅಕ್ಷರ ಅಂಗೇ ಇತ್ತು. ಅದು ಯಾವ ಇಂಕು?

ನೀವು ಹೆಂಗಿದ್ದೀರ? ಇಬ್ಬರಿಗೂ ಒಂದೇ ವಾರ, ಅದೇ ಡಾಕ್ಟರು, ಅದೇ ಕತ್ತರಿ. ನೀವು ಹೆಂಗಿದ್ದೀರೋ ನಾನೂ ಅಂಗೇ ಅಂತ ನನ್ನ ಲೆಕ್ಕ.

ಇಂತಿ ನಿಮ್ಮ ಪಕ್ಕದ ಮಂಚದ
ಓಬಳರಾಜು


ಕಳ್ಳಂಬೆಳ್ಳ
13 ಮೇ 2024

ಓಬಳರಾಜು ಅವರಿಗೆ,

ನಾನು ಶ್ರೀಲತಾ, ಮೇಷ್ಟ್ರ ಹೆಂಡತಿ. ಅವರು ಹೋದ ಡಿಸೆಂಬರಿನಲ್ಲಿ ತೀರಿಕೊಂಡರು. ಕಾಯಿಲೆ ಎದೆಗೆ ಇಳಿದಿತ್ತು. ಮನೆಯಲ್ಲಿ ಬುದ್ಧವಂದನೆ ಮಾಡಿ, ಕೆರೆ ಏರಿಯ ಹತ್ತಿರ ಒಂದು ಹೊಂಗೆ ಸಸಿ ನೆಟ್ಟೆವು.

ಇಷ್ಟು ಬರೆದು ನಿಮ್ಮ ಕಾಗದವನ್ನು ಮತ್ತೆ ಓದಿದೆ. ಅವರು ಹೋದ ಮೇಲೆ ಅವರ ಹೆಸರಿಗೆ ಬಂದದ್ದು ಬ್ಯಾಂಕಿನದು, ಪಿಂಚಣಿಯದು. ಎಲ್ಲದರಲ್ಲೂ ಹೆಸರಿನ ಮುಂದೆ 'ದಿವಂಗತ' ಎಂದು ಇತ್ತು. ನಿಮ್ಮದರಲ್ಲಿ ಇಲ್ಲ. "ನೀವು ಹೆಂಗಿದ್ದೀರ" ಎಂದು ಕೇಳಿದ್ದೀರಿ. ನಮ್ಮ ಶಾಲೆಯ ಸ್ಟಾಫ್ ರೂಮಿಗೆ ನಾನು ಹೋದರೆ ಮಾತು ಬದಲಾಗುತ್ತದೆ. ಅವರ ಹೆಸರು ಬಂದರೆ ನನಗೆ ನೋವಾಗುತ್ತದೆಂದು ಯಾರೂ ಎತ್ತುವುದಿಲ್ಲ. ಹೀಗೇ ಐದು ತಿಂಗಳಿಗೆ ಮನುಷ್ಯ ಪೂರ್ತಿ ಇಲ್ಲವಾದ. ಮಧುಗಿರಿಯಲ್ಲಿ ಒಬ್ಬರಿಗಾದರೂ ಅವರು ಇನ್ನೂ ಪೆನ್ನಿಗೆ ಇಂಕು ತುಂಬಿಸುತ್ತಾ ಕೂತಿದ್ದಾರೆ.

ಇದನ್ನು ನಾನು ಕಳಿಸುವುದಿಲ್ಲ. ಬೇರೆ ಬರೆಯುತ್ತೇನೆ.

ಶ್ರೀಲತಾ


ಕಳ್ಳಂಬೆಳ್ಳ
19 ಮೇ 2024

ಓಬಳರಾಜು ಅವರಿಗೆ ನಮಸ್ಕಾರ.

ನಾನು ಮೇಷ್ಟ್ರ ಹೆಂಡತಿ ಶ್ರೀಲತಾ, ಆಸ್ಪತ್ರೆಯಲ್ಲಿ ನೋಡಿರುತ್ತೀರಿ. ಇಲ್ಲಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮೇಷ್ಟ್ರು ಈಗ ಬರೆಯುತ್ತಿಲ್ಲ, ಅವರ ಪರವಾಗಿ ನಾನೇ ಬರೆಯುತ್ತಿದ್ದೇನೆ. ಕೊರಟಗೆರೆಯ ಸಂಗತಿಯನ್ನು ಎರಡು ಸಲ ಓದಿದೆ. ನೀವು ಬದುಕಿ ಬಂದದ್ದು ದೊಡ್ಡದು.

ಇಂಕಿನ ವಿಷಯ. ಬಾಟಲಿಯ ಮೇಲೆ 'ಪರ್ಮನೆಂಟ್' ಎಂದು ಇದ್ದ ಮಾತ್ರಕ್ಕೆ ನಂಬಬೇಡಿ. ಕೆಲವು ಬಿಸಿಲಿಗೆ ಮಾಸುವುದಿಲ್ಲ, ಆದರೆ ನೀರಿಗೆ ನಿಲ್ಲುವುದಿಲ್ಲ. ಬರೆದು, ಒಂದು ದಿನ ಒಣಗಲು ಬಿಟ್ಟು, ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಹೇಳಿದ್ದೇ ಸತ್ಯ. ನೀವು ಹಾಕುವ ಶಾಲೆಯ ನೀಲಿ ಪೂರ್ತಿ ಹೋಗುತ್ತದೆ. ಸಾಮಾನ್ಯ ಕಪ್ಪು ಬೂದಿಯಾಗಿ ಸ್ವಲ್ಪ ಉಳಿಯುತ್ತದೆ.

ಉಳಿಯುವ ಜಾತಿ ಎರಡು. ಒಂದು ಕಬ್ಬಿಣದ ಅಂಶವಿರುವ ನೀಲಿಗಪ್ಪು. ಬರೆಯುವಾಗ ನೀಲಿಯಾಗಿದ್ದು ಗಾಳಿ ತಾಗಿ ಕಪ್ಪಾಗುತ್ತದೆ. ಆದರೆ ಅದರಲ್ಲಿ ಹುಳಿ ಇರುವುದರಿಂದ ಅಗ್ಗದ ನಿಬ್ಬನ್ನು ತಿನ್ನುತ್ತದೆ. ಇನ್ನೊಂದರಲ್ಲಿ ಬಣ್ಣ ನೀರಿನಲ್ಲಿ ಕರಗಿರುವುದಿಲ್ಲ, ಸಣ್ಣ ಪುಡಿಯಾಗಿ ತೇಲುತ್ತಿರುತ್ತದೆ. ಅದು ಕಾಗದದ ನಾರಿಗೆ ಕಚ್ಚಿಕೊಂಡರೆ ಬಿಡುವುದಿಲ್ಲ. ಮೇಷ್ಟ್ರು ಎರಡನ್ನೂ ನೋಡಿ ಈ ಎರಡನೆಯ ಕಪ್ಪಿಗೆ ಬಂದರು. ಪೆನ್ನನ್ನು ಬರೆಯದೆ ಬಿಟ್ಟರೆ ಒಳಗೆ ಒಣಗಿ ಕಟ್ಟಿಕೊಳ್ಳುತ್ತದೆ, ಅದೊಂದೇ ತೊಂದರೆ. ದಿನವಿಡೀ ಬರೆಯುವವರಿಗೆ ಆ ಭಯವಿಲ್ಲ. ನಿಮ್ಮಂಥವರ ಪೆನ್ನು ಒಣಗುವುದಾದರೂ ಯಾವಾಗ. ತಿಂಗಳಿಗೊಮ್ಮೆ ತಣ್ಣೀರಲ್ಲಿ ತೊಳೆದರೆ ಸಾಕು.

ಚೀಟಿಗೆ ಹೊಳೆಯುವ ಕಾರ್ಡು ಬೇಡ. ಅದರ ಮೇಲೆ ಯಾವ ಇಂಕೂ ಒಳಗಿಳಿಯದೆ ಮೇಲೇ ಕೂತಿರುತ್ತದೆ, ಒರೆಸಿದರೆ ಹೋಗುತ್ತದೆ. ಒರಟು ಡ್ರಾಯಿಂಗ್ ಹಾಳೆ ಒಳ್ಳೆಯದು, ಒಂದು ತುಂಡು ಇದರ ಜೊತೆ ಇಟ್ಟಿದ್ದೇನೆ. ಪಾವಗಡದ ಕಡೆ ಓಡಾಡುವವರು ನೀವು, ಹಿಂಬದಿಗೆ ತೆಲುಗಿನಲ್ಲೂ ಬರೆಸಿಕೊಳ್ಳಿ. ಶಿರಾದಲ್ಲಿ ಈ ಇಂಕು ಸಿಗುವುದಿಲ್ಲ, ನಾವು ತರಿಸಿಕೊಳ್ಳುತ್ತಿದ್ದೆವು. ಮಧುಗಿರಿಯಲ್ಲಿ ಕೇಳಿ ನೋಡಿ.

ನೀವು ಸ್ಟಾಪು ಕೂಗಿದ್ದನ್ನು ಇಲ್ಲಿಗೆ ಬಂದ ಮೇಲೂ ನೆನೆಸಿಕೊಂಡು ನಕ್ಕಿದ್ದುಂಟು. ಮತ್ತೆ ಬರೆಯಿರಿ.

ಇಂತಿ,
ಶ್ರೀಲತಾ


ಮಧುಗಿರಿ
10 ಜೂನ್ 2024

ಅಮ್ಮಾವ್ರಿಗೆ ನಮಸ್ಕಾರ.

ಈ ಕಾಗದ ಪೆನ್ಸಿಲ್ಲಿನಲ್ಲಿ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಪೆನ್ನು ಹೋಯಿತು.

ನೀವು ಹೇಳಿದಂಗೇ ಇಲ್ಲಿ ಅಂಗಡಿಯಲ್ಲಿ ನೀರಿಗೆ ಹೋಗದ ಕಪ್ಪು ಇಂಕು ಅಂತ ಬರೆದು ತೋರಿಸಿದೆ. ಅಂಗಡಿಯವರು ಒಂದು ಸಣ್ಣ ಬಾಟ್ಲಿ ಕೊಟ್ಟು, ನಕ್ಷೆ ಬರೆಯೋರು ಇದನ್ನೇ ಒಯ್ಯೋದು, ನೀರಲ್ಲಿ ಹಾಕಿ ಕುದಿಸಿದರೂ ಏನೂ ಆಗಲ್ಲ ಅಂದರು. ನಿಜ. ಬರೆದು ಒಣಗಿಸಿ ನಲ್ಲಿ ಕೆಳಗೆ ಹಿಡಿದರೆ ಒಂದು ಗೆರೆ ಅಲ್ಲಾಡಲಿಲ್ಲ. ಖುಷಿಯಲ್ಲಿ ಡಿಪೋದೋರಿಗೆಲ್ಲ ತೋರಿಸಿದೆ. ಮಾರನೇ ದಿನ ಪೆನ್ನು ಕೆರೆದರೆ ಬರಲಿಲ್ಲ. ಒದರಿದೆ, ತೊಳೆದೆ, ನಿಬ್ಬು ಕಿತ್ತು ನೋಡಿದೆ. ಒಳಗೆ ಟಾರು ಹಾಕಿದಂಗೆ ಗಟ್ಟಿ. ಎರಡನೇ ಸಲ ಗಂಟಲು ಹೋದಂಗಾಯ್ತು. ಮೇಷ್ಟ್ರು ಕೊಟ್ಟ ಪೆನ್ನು, ಅವರಿಗೆ ಹೆಂಗೆ ಹೇಳಲಿ ಅಂತ ಇಷ್ಟು ದಿನ ಬರೆಯಲಿಲ್ಲ.

ಕೊರಳಿಗೆ ಒತ್ತಿಕೊಂಡು ಮಾತಾಡೋ ಮಿಷನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಕರೆಂಟು, ಅದೇ ರೇಡಿಯೇಷನ್ನು, ಕೊಟ್ಟ ಮೇಲೆ ನನ್ನ ಕುತ್ತಿಗೆ ಕಲ್ಲಾಗಿದೆ, ಹಿಡಿಯಲ್ಲ. ಲಾರಿ ರಿವರ್ಸ್ ಬರೋ ಥರ ಸದ್ದು ಬರುತ್ತೆ ಅಷ್ಟೇ. ಬೀರುವಿನಲ್ಲಿಟ್ಟೆ.

ಈಗ ನನ್ನನ್ನು ಲೈಟ್ ಡ್ಯೂಟಿ ಅಂತ ಡಿಪೋ ಸ್ಟೋರಿನಲ್ಲಿ ಕೂರಿಸಿದ್ದಾರೆ. ನಾನು ಮಾತಾಡಲ್ಲ ಅಂದರೆ ಕಿವಿನೂ ಕೇಳಲ್ಲ ಅಂದುಕೊಂಡು ಅರಚ್ತಾರೆ. ಬರೆದು ತೋರಿಸೋಣ ಅಂತ ಶುರು ಮಾಡಿದರೆ, ಅರ್ಧ ಆಗೋ ಹೊತ್ತಿಗೆ ಇನ್ನರ್ಧ ಅವರೇ ಹೇಳಿಕೊಂಡು ಹೊರಟುಬಿಡ್ತಾರೆ. ನಾನು ಹೇಳೋಕೆ ಹೊರಟದ್ದು ಅದಲ್ಲ. ಹಾಳೆ ಕೈಲಿ ಹಿಡಕೊಂಡು ನಿಂತಿರ್ತೀನಿ.

ಮನೆಯಲ್ಲಿ ಇನ್ನೊಂದು ಥರ. ನನ್ನ ಹೆಂಡತಿ ಆಂಜಿನಮ್ಮನಿಗೆ ಓದು ಬರಲ್ಲ. ಮೊದಲೆಲ್ಲ ನಾನು ಬರೆದಿದ್ದನ್ನೆಲ್ಲ ಅವಳು ಡಬ್ಬಿಯಲ್ಲಿ ಹಾಕಿಡೋಳು, ಮಗಳು ಹಬ್ಬಕ್ಕೆ ಬಂದಾಗ ಓದಿಸೋಳು. ಯುಗಾದಿಗೆ ಬಂದವಳು ಸಂಕ್ರಾಂತಿಯಿಂದ ಇದ್ದದ್ದನ್ನೆಲ್ಲ ಸಾಲಾಗಿ ಓದಿದಳು. ಸಾರಿಗೆ ಉಪ್ಪು ಕಮ್ಮಿ. ಎಮ್ಮೆ ಬಿಚ್ಚಿಕೊಂಡಿದೆ ನೋಡು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅದರಲ್ಲಿ ಒಂದು ಹಾಳೆ, "ನನಗೆ ಭಯ ಆಗ್ತಿದೆ" ಅಂತ ಇತ್ತು. ಮಗಳು ಅದನ್ನು ಓದದೆ ಮಡಿಚಿದಳು. ಆಂಜಿನಮ್ಮ ಅದರಲ್ಲೇನಿದೆ ಅಂತ ಕೇಳಿದ್ದಕ್ಕೆ ಏನಿಲ್ಲ ಬುಡವ್ವಾ ಅಂದಳು. ಅವತ್ತಿಂದ ಮನೆಯಲ್ಲಿ ಬರೆಯೋದು ಬಿಟ್ಟಿದ್ದೀನಿ.

ನಿಮಗೆ ಓದು ಬರುತ್ತೆ. ಮೇಷ್ಟ್ರು ಪುಣ್ಯವಂತರು.

ಇಂತಿ,
ಓಬಳರಾಜು


ಕಳ್ಳಂಬೆಳ್ಳ
20 ಜೂನ್ 2024

ಓಬಳರಾಜು ಅವರಿಗೆ,

ತಪ್ಪು ನನ್ನದು. ಡ್ರಾಯಿಂಗ್ ಟೀಚರ್ ಆಗಿ ನಾನೇ ಎಚ್ಚರಿಸಬೇಕಿತ್ತು. ಅಂಗಡಿಯವರು ಕೊಟ್ಟದ್ದು ಚಿತ್ರ ಬರೆಯುವ ಇಂಕು. ಅದರಲ್ಲಿ ಅರಗು ಇರುತ್ತದೆ. ಅದ್ದಿ ಬರೆದು ಒರೆಸಿಡುವ ಕಡ್ಡಿನಿಬ್ಬಿಗೆ ಸರಿ, ಪೆನ್ನಿನೊಳಗೆ ಹಾಕಿದರೆ ನಿಬ್ಬಿನ ಕೆಳಗಿನ ನಾಲಿಗೆಯ ಸಂದಿಯಲ್ಲೆಲ್ಲ ಅರಗು ಕಟ್ಟಿಕೊಳ್ಳುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ಒಂದೆರಡು ದಿನ ನೆನೆಹಾಕಿ ನೋಡಿ. ಬಿಡದಿದ್ದರೆ ಆಸೆ ಬಿಡಿ.

ಇದರ ಜೊತೆಗಿನ ಪೊಟ್ಟಣದಲ್ಲಿ ಮೇಷ್ಟ್ರ ಒಂದು ಪೆನ್ನು, ಅವರು ಬಳಸುವ ಇಂಕಿನ ಒಂದು ತುಂಬಿದ ಬಾಟಲಿ ಇದೆ. ಬೇಡ ಅನ್ನಬೇಡಿ. ಬೀರುವಿನಲ್ಲಿದ್ದರೆ ಒಣಗುತ್ತದೆ.

ಇನ್ನೊಂದು ಮಾತು. ಉಳಿಯುವ ಇಂಕನ್ನು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎನ್ನುವುದೂ ಇದೆ. ಮೊದಲ ವರ್ಷ ಒಂದು ದಿನ ನಾನು ತಂಗಿಯ ಹತ್ತಿರ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದೆ. ಮೇಷ್ಟ್ರು ಬಂದು ಹಾಳೆ ಹಿಡಿದರು: "ನಿನ್ನ ದನಿ ಕೇಳೋಕೆ ಆಗ್ತಿಲ್ಲ. ಸುಮ್ಮನಿರು." ಸಂಜೆಗೆ ಅವರಿಗೇ ಪಶ್ಚಾತ್ತಾಪ. ಆ ಹಾಳೆಯನ್ನು ತಟ್ಟೆಯ ನೀರಿಗೆ ಹಾಕಿ ಉಜ್ಜಿದರು. ಕಾಗದ ಹರಿಯಿತೇ ಹೊರತು ಅಕ್ಷರ ಹೋಗಲಿಲ್ಲ. ಆಮೇಲೆ ಇನ್ನೊಂದು ಪೆನ್ನು ಕೊಂಡು ಅದಕ್ಕೆ ಶಾಲೆಯ ನೀಲಿ ತುಂಬಿಸಿಟ್ಟರು. ಸಿಟ್ಟು ಬಂದರೆ ಅದರಲ್ಲೇ ಬರೆಯುವುದು, ನಾನು ಓದಿದ ಮೇಲೆ ನೀರಿಗೆ ಅದ್ದಿ ಬಿಳಿ ಹಾಳೆ ತೋರಿಸುವುದು. ಮನೆಯಲ್ಲಿ ಅದಕ್ಕೆ ಜಗಳದ ಪೆನ್ನು ಎಂದೇ ಹೆಸರು. ಅದನ್ನು ನಿಮಗೆ ಕಳಿಸುತ್ತಿಲ್ಲ.

ಆಂಜಿನಮ್ಮನವರ ಮುಂದೆ ಬರೆಯುವುದನ್ನು ಬಿಡಬೇಡಿ.

ಇಂತಿ,
ಶ್ರೀಲತಾ


ಮಧುಗಿರಿ
5 ಆಗಸ್ಟ್ 2024

ಅಮ್ಮಾವ್ರಿಗೂ ಮೇಷ್ಟ್ರಿಗೂ ನಮಸ್ಕಾರ.

ಇಂಕು ಗೆದ್ದಿತು. ನೀವು ಕಳಿಸಿದ ಡ್ರಾಯಿಂಗ್ ಹಾಳೆಯಲ್ಲಿ ಚೀಟಿ ಬರೆದೆ. ಹಿಂಬದಿಗೆ ಪಾವಗಡದ ಡ್ರೈವರ್ ಗಂಗಯ್ಯನ ಕೈಲಿ ತೆಲುಗಿನಲ್ಲಿ ಬರೆಸಿದೆ. ಮೊನ್ನೆ ಆಂಜಿನಮ್ಮನ ಹರಕೆ ಅಂತ ಸಿದ್ದರಬೆಟ್ಟಕ್ಕೆ ಹೋಗಿದ್ವಿ. ಇಳಿಯುವಾಗ ಮಳೆ ಹಿಡೀತು. ಅವಳು ಸೆರಗನ್ನು ನನ್ನ ಕುತ್ತಿಗೆಗೆ ಸುತ್ತಿ, ಕೊಡೆ ನನ್ನ ಕಡೆಗೇ ಹಿಡಿದು, ತಾನು ಪೂರ್ತಿ ನೆಂದಳು. ನನ್ನ ಅಂಗಿನೂ ಹಿಂಡಬೇಕಾಯ್ತು. ಬಸ್ಸಿನಲ್ಲಿ ಕೂತು ಚೀಟಿ ತೆಗೆದು ನೋಡಿದರೆ ಕಾಗದ ದೋಸೆಯಂಗೆ ಮೆತ್ತಗಾಗಿದೆ, ಅಕ್ಷರ ಮಾತ್ರ ಬರೆದ ದಿನದಂಗೇ ಇದೆ. ಪಕ್ಕದವರಿಗೆ ತೋರಿಸಿದೆ. ಅವರು ಪೂರ್ತಿ ಓದಿ, ಹುಷಾರಾಗಿ ಹೋಗಪ್ಪ ಅಂದರು. ಎಷ್ಟೋ ದಿನದ ಮೇಲೆ ಒಬ್ಬರು ನನ್ನ ಮಾತನ್ನ ಕೊನೆತನಕ ಕೇಳಿದಂಗಾಯ್ತು.

ಇದನ್ನ ಮೇಷ್ಟ್ರಿಗೆ ತೋರಿಸಬೇಕು. 18ನೇ ತಾರೀಖು ಭಾನುವಾರ ಆಂಜಿನಮ್ಮನನ್ನೂ ಕರಕೊಂಡು ಶಿರಾ ಬಸ್ಸಿಗೆ ಬರ್ತೀನಿ. ಮೇಷ್ಟ್ರಿಗೆ ನುಂಗೋಕೆ ಸುಲಭ ಆಗಲಿ ಅಂತ ಅವಳು ರಾಗಿ ಹುರಿಹಿಟ್ಟು ಮಾಡಿಟ್ಟಿದ್ದಾಳೆ.

ಜುಲೈನಲ್ಲಿ ಬೆಂಗಳೂರಿಗೆ ಚೆಕಪ್ಪಿಗೆ ಹೋಗಬೇಕಿತ್ತು. ಹೋಗಲಿಲ್ಲ. ಆ ಆಸ್ಪತ್ರೆ ಮೆಟ್ಟಿಲು ಮತ್ತೆ ಹತ್ತೋಕೆ ಮನಸ್ಸು ಬರಲಿಲ್ಲ. ಮೇಷ್ಟ್ರು ಗಟ್ಟಿಯಾಗಿದ್ದಾರೆ ಅಂದಮೇಲೆ ನನಗೇನಾಗುತ್ತೆ ಅಂತ ಧೈರ್ಯ.

ಇಂತಿ,
ಓಬಳರಾಜು


ಕಳ್ಳಂಬೆಳ್ಳ
9 ಆಗಸ್ಟ್ 2024

ಓಬಳರಾಜು ಅವರಿಗೆ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ನೀವು ಹೊರಡುವ ಮೊದಲೇ ಕೈಸೇರಲಿ ಎಂದು.

ಮೇಷ್ಟ್ರು ಇಲ್ಲ. ನಿಮ್ಮ ಮೊದಲ ಕಾಗದ ಬರುವುದಕ್ಕೆ ಮುಂಚೆಯೇ, ಡಿಸೆಂಬರಿನಲ್ಲಿ ತೀರಿಕೊಂಡರು. ಕಾಯಿಲೆ ಎದೆಗೆ ಹರಡಿತ್ತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಅವರೂ ಒಂದು ಚೆಕಪ್ಪು ತಪ್ಪಿಸಿದ್ದರು. ಪರೀಕ್ಷೆಯ ಸಮಯ, ಮಕ್ಕಳ ಪೇಪರು ನೋಡಬೇಕು ಎಂದು.

ನಾನು ಹೇಳಲಿಲ್ಲ. ನಿಮ್ಮ ಕಾಗದದಲ್ಲಿ ಅವರು ಬದುಕಿದ್ದರು. ಈ ಮನೆಯಲ್ಲಿ ಮಾತಿಲ್ಲ, ಬರವಣಿಗೆಯೂ ಇಲ್ಲ. ಹೆದ್ದಾರಿಯ ಲಾರಿ ಸದ್ದು ಬಿಟ್ಟರೆ ಏನೂ ಇಲ್ಲ. ನಿಮ್ಮ ಕಾಗದ ಬಂದಾಗ ಅಂಚೆಯಣ್ಣ "ಮೇಷ್ಟ್ರಿಗೆ" ಎಂದು ಕೊಟ್ಟು ಹೋಗುತ್ತಿದ್ದ. ಆ ಒಂದು ಮಾತಿಗಾಗಿ ಸುಮ್ಮನಿದ್ದೆ. ಅದರಿಂದ ಯಾರಿಗೂ ಕೆಡುಕಿಲ್ಲ ಎಂದುಕೊಂಡಿದ್ದೆ. ಅವರ ಮೇಲಿನ ಧೈರ್ಯದಿಂದ ನೀವು ಆಸ್ಪತ್ರೆಗೇ ಹೋಗಿಲ್ಲ ಎಂದು ಓದಿದ ಮೇಲೆ ಈ ಕಾಗದ ಬರೆಯಲು ಕೂತೆ.

ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿ. ಇಲ್ಲಿಗೆ ಬರುವುದು ಬೇಡ, ಮೊದಲು ಬೆಂಗಳೂರಿಗೆ ಹೋಗಿ.

ಶ್ರೀಲತಾ


ಮಧುಗಿರಿ
30 ಸೆಪ್ಟೆಂಬರ್ 2024

ಅಮ್ಮಾವ್ರಿಗೆ,

ನಿಮ್ಮ ಕಾಗದ ಬಂದಾಗ ಮನೆ ಮುಂದಿನ ಜಗಲಿ ಮೇಲೆ ಕೂತು ಓದಿದೆ. ಓದಿ ಮಡಿಚೋ ಅಷ್ಟರಲ್ಲಿ ಆಂಜಿನಮ್ಮ ಒಳಗಿಂದ ಬಂದವಳು ಬಾಗಿಲಲ್ಲೇ ನಿಂತು, "ಮೇಷ್ಟ್ರು ಹೋಗ್ಬುಟ್ರಾ?" ಅಂದಳು. ಹುರಿಹಿಟ್ಟಿನ ಡಬ್ಬಿ ತೆಗೆದು ಅಟ್ಟದ ಮೇಲಿಟ್ಟಳು.

ಸಿಟ್ಟು ಬಂತು. ಸುಳ್ಳು ಹೇಳೋದಿಲ್ಲ. ನಾನು ನಿಮ್ಮನೆ ಮೇಷ್ಟ್ರನ್ನ ನೋಡಿಕೊಂಡು ನನ್ನ ಆಯಸ್ಸು ಅಳೀತಿದ್ದೆ. ಅವರು ಇಲ್ಲ ಅಂದಮೇಲೆ ನನ್ನ ಅಳತೆಕೋಲೇ ಮುರಿದಂಗಾಯ್ತು. ನಿಮಗೆ ಏನೇನೋ ಬರೆದು ಹರಿದು ಹಾಕಿದೆ. ಪೆನ್ನು ಮುಟ್ಟೋಕೆ ಮನಸ್ಸಾಗಲಿಲ್ಲ. ಆಮೇಲೆ ಒಣಗಿಹೋಗುತ್ತೆ ಅಂದಿದ್ದಿರಲ್ಲ, ಅದಕ್ಕೆ ತೊಳೆದು ಮತ್ತೆ ತುಂಬಿಸಿದೆ.

ಬೆಂಗಳೂರಿಗೆ ಹೋದೆ. ಆಂಜಿನಮ್ಮನೇ ಎಳಕೊಂಡು ಹೋದಳು. ಸದ್ಯಕ್ಕೆ ಏನೂ ಕಾಣ್ತಿಲ್ಲ, ಬರೋದು ತಪ್ಪಿಸಬೇಡಿ ಅಂದರು. ಆ ವಾರ್ಡಿಗೂ ಹೋಗಿ ನಿಂತುಕೊಂಡಿದ್ದೆ. ನಮ್ಮ ಮಂಚಗಳಲ್ಲಿ ಬೇರೆ ಯಾರೋ ಇದ್ದರು.

ಬರುವಾಗ ಬಸ್ಸಿನಲ್ಲಿ ಆಂಜಿನಮ್ಮ ಅಂದಳು, "ಆಯಮ್ಮ ಒಬ್ಬಳೇ ಅವಳೆ. ಇನ್ನೂ ಎಷ್ಟು ದಿನ ಮುನಿಸಿಕೊಂಡಿರ್ತೀಯ, ನಡಿ ಹೋಗಿ ಬರೋಣ." ನಾನು ಮುನಿಸಿಕೊಂಡಿದ್ದೀನಿ ಅಂತ ಅವಳಿಗೆ ಹೇಳಿರಲಿಲ್ಲ. ದಸರಾ ರಜೆಯಲ್ಲಿ, 13ನೇ ತಾರೀಖು ಭಾನುವಾರ ಬರ್ತೀವಿ. ನೀವು ಬೇಡ ಅಂದರೂ ಬರ್ತೀವಿ.

ಇಂತಿ,
ಓಬಳರಾಜು


ಕಳ್ಳಂಬೆಳ್ಳ
21 ಅಕ್ಟೋಬರ್ 2024

ಓಬಳರಾಜು ಅವರಿಗೂ ಆಂಜಿನಮ್ಮನವರಿಗೂ,

ನೀವು ಬಂದು ಹೋಗಿ ಒಂದು ವಾರವಾಯಿತು. ಅಡುಗೆಮನೆಯಲ್ಲಿ ಇನ್ನೂ ಹುರಿಹಿಟ್ಟಿನ ವಾಸನೆ ಇದೆ. ಕೆರೆ ಏರಿಯ ಮೇಲೆ ನಾವು ಮೂವರೂ ಹೊಂಗೆ ಗಿಡದ ಹತ್ತಿರ ನಿಂತದ್ದನ್ನು ನೋಡಿ ಊರಿನವರು, ನೆಂಟರಾ ಎಂದು ಕೇಳಿದರು. ಹೌದು ಎಂದೆ.

ಒಂದು ಸಂಗತಿ ಹೇಳಬೇಕು. ನೀವು ಬಂದು ಕೂತವರೇ ಪೆನ್ನು ತೆಗೆದು ಏನೋ ಬರೆಯತೊಡಗಿದಿರಿ. ನಾನು ಹಳೆಯ ಅಭ್ಯಾಸದಂತೆ ಬಗ್ಗಿ ಹಾಳೆಯ ಮೇಲೆ ಕಣ್ಣಿಟ್ಟೆ. ಆಂಜಿನಮ್ಮನವರು ಹಾಳೆ ನೋಡಲಿಲ್ಲ. "ಮೇಷ್ಟ್ರು ಕೂತ್ಕೊತಿದ್ದ ಜಾಗ ಯಾವುದು ಅಂತ ಕೇಳ್ತಾವ್ರೆ ಕಣಮ್ಮ" ಅಂದರು. ನಿಮ್ಮ ಪೆನ್ನು ಆಗಿನ್ನೂ 'ಮೇಷ್ಟ್ರು' ಎಂಬಲ್ಲಿತ್ತು. ಆ ದಿನವಿಡೀ ಹಾಗೇ ಆಯಿತು. ನಿಮಗೆ ಬಿಸಿನೀರು ಬೇಕೆಂದು, ಗಾಳಿ ಕಡೆಗೆ ಕೂರಬಾರದೆಂದು, ಮೇಷ್ಟ್ರ ಫೋಟೋ ನೋಡಿ ನಿಮಗೆ ಸಂಕಟವಾಗಿದೆಯೆಂದು. ಆಕೆಗೆ ಓದು ಬರುವುದಿಲ್ಲ ಎಂದು ನೀವು ಬರೆದಿದ್ದಿರಿ. ನೀವು ಮುಚ್ಚಳ ತೆಗೆಯುವುದರೊಳಗೆ ಆಕೆ ಓದಿ ಮುಗಿಸಿರುತ್ತಾರೆ. ಅದು ನಿಮಗೆ ಗೊತ್ತೇ ಆಗಿಲ್ಲ, ಯಾಕೆಂದರೆ ಆಗ ನೀವು ಹಾಳೆ ನೋಡುತ್ತಿರುತ್ತೀರಿ. ಆ ಮಡಿಚಿಟ್ಟ ಹಾಳೆಯಲ್ಲಿದ್ದದ್ದು ಆಕೆಗೆ ಯಾವತ್ತೋ ತಿಳಿದಿರುತ್ತದೆ. ಕೇಳಿ ನೋಡಿ.

ನೀವು ಹೋದ ಮೇಲೆ ಟ್ರಂಕು ತೆಗೆದೆ. ಮೇಷ್ಟ್ರು ಬರೆದ ಹಾಳೆಗಳೆಲ್ಲ ಅದರಲ್ಲಿವೆ. ಅಂಗಡಿಯಿಂದ ತರಬೇಕಾದದ್ದು, ಕನಸಿನಲ್ಲಿ ಕಂಡದ್ದು, ನನ್ನ ಸೀರೆ ಚೆನ್ನಾಗಿದೆ ಎಂದದ್ದು. ಹೋದ ಮಳೆಗಾಲದಲ್ಲಿ ಟ್ರಂಕಿಗೆ ನೀರಿಳಿದಿತ್ತು, ಕಾಗದ ಸೊಟ್ಟಗಾಗಿದೆ, ಅಕ್ಷರ ಒಂದೂ ಹೋಗಿಲ್ಲ. ಒಂದೊಂದನ್ನೇ ಹಿಡಿದು, ಇದನ್ನು ಬರೆಯುವಾಗ ಅವರ ಮುಖ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡಿದೆ. ನಿಬ್ಬು ಕಾಣುತ್ತದೆ. ಉಗುರಿಗೆ ಅಂಟಿದ ಮಸಿ ಕಾಣುತ್ತದೆ. ಬಗ್ಗಿದ ತಲೆಯ ನಡುವೆ ತೆಳ್ಳಗಾದ ಕೂದಲು ಕಾಣುತ್ತದೆ. ಮುಖ ಕಾಣುವುದಿಲ್ಲ. ಗೋಡೆಯ ಮೇಲಿರುವ ಫೋಟೋ ದನಿ ಇದ್ದವರದು. ಆಪರೇಷನ್ ಆದ ಮೇಲೆ ಅವರು ಫೋಟೋ ತೆಗೆಯಲು ಬಿಡಲಿಲ್ಲ. ಒಂದೂವರೆ ವರ್ಷ ನಾನು ಅವರ ಮಾತನ್ನು ಎಷ್ಟು ಶ್ರದ್ಧೆಯಿಂದ ಓದಿದೆನೆಂದರೆ, ಅವರನ್ನು ನೋಡಲೇ ಇಲ್ಲ.

ಆ ವಾರ್ಡಿನಲ್ಲಿ ನೀವು ಅವರ ಪಕ್ಕದಲ್ಲೇ ಮಲಗಿದ್ದಿರಿ. ನಿಮಗೆ ಅವರ ಹಾಳೆ ಕಾಣುತ್ತಿರಲಿಲ್ಲ, ಮುಖ ಕಂಡಿರುತ್ತದೆ. ನನಗೆ ಬರೆಯುವಾಗ ಅದು ಹೇಗಿರುತ್ತಿತ್ತು? ನೆನಪಿದ್ದಷ್ಟು ಬರೆದು ಕಳಿಸಿ. ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ.

ನಿಮ್ಮ
ಶ್ರೀಲತಾ


ಮಧುಗಿರಿ
14 ನವೆಂಬರ್ 2024

ಅಕ್ಕಾ,

ಉತ್ತರ ತಡವಾಯ್ತು. ಇಲ್ಲದ್ದನ್ನ ಸೇರಿಸಿ ಬರೆಯಬಾರದು ಅಂತ ದಿನಾ ಒಂಚೂರು ಒಂಚೂರು ನೆನೆಸಿಕೊಂಡೆ.

ಮೇಷ್ಟ್ರು ಬರೆಯುವಾಗ ತುಟಿ ಅಲ್ಲಾಡ್ತಿತ್ತು. ಒಂದನೇ ಕ್ಲಾಸಿನ ಮಕ್ಕಳು ಮಾಡ್ತವಲ್ಲ, ಅಂಗೆ. ಬೇರೆಯವರಿಗೆ, ಡಾಕ್ಟರಿಗೆ, ನರ್ಸಮ್ಮನಿಗೆ ಬರೆಯುವಾಗ ಅಲ್ಲಾಡ್ತಿರಲಿಲ್ಲ. ನಿಮಗೆ ಬರೆಯುವಾಗ ಮಾತ್ರ. ಹುಬ್ಬು ಒಂಚೂರು ಮೇಲೆ ಹೋಗಿರ್ತಿತ್ತು.

ಬರೆದು ಮುಗಿಸಿ ಹಾಳೆಯನ್ನ ನಿಮ್ಮ ಕಡೆ ತಿರುಗಿಸಿ ತಲೆ ಎತ್ತೋರು. ನೀವು ಓದ್ತಾ ಇರ್ತಿದ್ರಿ. ಅಷ್ಟು ಹೊತ್ತೂ ನಿಮ್ಮನ್ನೇ ನೋಡೋರು. ನೀವು ತಲೆ ಎತ್ತೋ ಹೊತ್ತಿಗೆ ಮುಂದಿನ ಮಾತು ಬರೆಯೋಕೆ ಮತ್ತೆ ಬಗ್ಗಿರೋರು. ಅದಕ್ಕೇ ನಿಮಗೆ ಕಂಡಿಲ್ಲ. ನಿಮ್ಮ ತಪ್ಪಲ್ಲ.

ಆ ನೋಡೋ ಮುಖ ಹೆಂಗಿತ್ತು ಅಂತ ಬರೆಯೋದೇ ಕಷ್ಟ. ಸಿಟ್ಟಿರಲಿಲ್ಲ, ಬೇಜಾರಿರಲಿಲ್ಲ. ಇಪ್ಪತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಕಾಯೋರ ಮುಖ ನೋಡಿದ್ದೀನಿ. ಬಸ್ಸು ಬರುತ್ತೋ ಇಲ್ಲವೋ ಅನ್ನೋರು ರಸ್ತೆಗೇ ಬಂದು ನಿಂತಿರ್ತಾರೆ. ಬರುತ್ತೆ ಅಂತ ಗೊತ್ತಿರೋರು ಮರದ ಕೆಳಗೆ ಗಂಟು ಇಟ್ಕೊಂಡು ಕೂತಿರ್ತಾರೆ. ಮೇಷ್ಟ್ರದು ಆ ಕೂತಿರೋರ ಮುಖ.

ಇಂತಿ ನಿಮ್ಮ ತಮ್ಮ
ಓಬಳರಾಜು